ಎರಡು ಅಲೆಕ್ಸಾಂಡರ್, ಒಂದೇ ಗಾಯ

ಫೀಸಿನ ವಿಷಯದಲ್ಲಿ ನಾನು ಜಿಗುಟು. ಎರಡು ನಾಣ್ಯ ನೋಡಿದರೆ ಎರಡು ಫೀಸು. ಸ್ನೇಹ, ಸಂಬಂಧ, ಹಬ್ಬದ ರಿಯಾಯಿತಿ ಯಾವುದೂ ಅಲ್ಲಿ ನಡೆಯುವುದಿಲ್ಲ. ಹಳೆಯ ನಾಣ್ಯ ಪರೀಕ್ಷಿಸಿ ಗ್ರೇಡ್ ಹಾಕುವ ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೂ ನಾನು ಮೊದಲು ಹೇಳಿಕೊಡುವುದು ಅದನ್ನೇ. ಜಿಗುಟುತನ ದೊಡ್ಡ ಗುಣವೇನಲ್ಲ, ಆದರೆ ಒಂದು ಸಲ ಅದು ನನ್ನ ಮಾನ ಉಳಿಸಿತು.

ಆ ದಿನ ಜಯನಗರ ನಾಲ್ಕನೇ ಬ್ಲಾಕಿನ ನನ್ನ ಮಹಡಿ ಕೋಣೆಗೆ ಬಂದವರು ಜೆ.ಪಿ. ನಗರದ ಒಬ್ಬ ಹಿರಿಯರು, ನಿವೃತ್ತ ಎಂಜಿನಿಯರ್. ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೈಚೀಲದಿಂದ ಸ್ಟೀಲ್ ಡಬ್ಬಿ, ಡಬ್ಬಿಯಿಂದ ಹತ್ತಿ, ಹತ್ತಿಯೊಳಗಿಂದ ಒಂದು ಬೆಳ್ಳಿ ನಾಣ್ಯ ತೆಗೆದು ನನ್ನ ಮುಂದಿಟ್ಟರು.

ಗ್ರೀಕರ ಟೆಟ್ರಾಡ್ರಾಮ್, ಅಂದರೆ ನಾಲ್ಕು ಡ್ರಾಮಿನ ದಪ್ಪ ನಾಣ್ಯ. ನಮ್ಮ ಹತ್ತು ರೂಪಾಯಿ ನಾಣ್ಯದಷ್ಟೇ ಅಗಲ, ಆದರೆ ಅದರ ಎರಡರಷ್ಟು ಭಾರ. ಒಂದು ಮುಖದಲ್ಲಿ ಸಿಂಹದ ತೊಗಲನ್ನು ತಲೆಗೆ ಹೊದ್ದ ವೀರ. ಇನ್ನೊಂದು ಮುಖದಲ್ಲಿ ಕೈಮೇಲೆ ಹದ್ದು ಕೂರಿಸಿಕೊಂಡು ಸಿಂಹಾಸನದಲ್ಲಿ ಕುಳಿತ ಅವರ ದೇವರಾಜ, ಅವನ ಬೆನ್ನ ಹಿಂದೆ ಮೇಲಿಂದ ಕೆಳಕ್ಕೆ ಅಲೆಕ್ಸಾಂಡರನ ಹೆಸರು.

“ಇವ್ನೇ ಅಲೆಕ್ಸಾಂಡರ್,” ಎಂದು ಹಿರಿಯರು ಸಿಂಹದ ತೊಗಲಿನವನನ್ನು ತೋರಿಸಿದರು.

“ಅಲ್ಲ ಸಾರ್, ಅದು ಹೆರಾಕ್ಲಿಸ್, ಅವರ ಪುರಾಣದ ವೀರ. ಹೆಸರು ಮಾತ್ರ ಅಲೆಕ್ಸಾಂಡರಂದು.”

“ಇಷ್ಟ್ ವರ್ಷ ಮನೆಗ್ ಬಂದೋರಿಗೆಲ್ಲ ಇವ್ನೇ ಅಂತ ಹೇಳ್ಕೊಂಡ್ ಬಂದಿದ್ದೀನಲ್ರೀ!”

“ಪರ್ವಾಗಿಲ್ಲ ಸಾರ್. ಅವನೂ ಹೆರಾಕ್ಲಿಸ್ ವಂಶದೋನು ಅಂತ ಹೇಳ್ಕೊಂಡೇ ಓಡಾಡ್ತಿದ್ದ.”

ಅವರಿಗೆ ಎಪ್ಪತ್ತು ತುಂಬುವುದಿತ್ತು. ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಆ ದಿನ ಇಬ್ಬರು ಹೆಣ್ಣುಮಕ್ಕಳಿಗೆ ತಲಾ ಒಂದು ನಾಣ್ಯ ಕೊಡಬೇಕೆಂಬುದು ಅವರ ಆಸೆ. ಇಂಥದ್ದೇ ಇನ್ನೊಂದು ಮನೆಯಲ್ಲಿತ್ತು.

“ಹುಟ್ಟಿದಾಗ್ನಿಂದ ನಮ್ಮನೇಲಿ ಇಬ್ರಿಗೂ ಒಂದೇ ಥರ ಕಣ್ರೀ. ಒಂದೇ ಬಣ್ಣದ ಲಂಗ, ಒಂದೇ ತೂಕದ ದೀಪ. ಸೈಟು ಕೂಡ ಅಕ್ಕಪಕ್ಕ, ಒಂದೇ ಅಳತೆ. ‘ನಂಗೆ ಕಮ್ಮಿ ಬಂತು’ ಅಂತ ಒಬ್ಳೂ ಅನ್ಬಾರ್ದು. ನೀವು ಅಸಲಿ ಅಂತ ಬರ್ದು, ಗ್ರೇಡ್ ಹಾಕಿ, ಪ್ಲಾಸ್ಟಿಕ್ ಡಬ್ಬಿಲಿ ಸೀಲ್ ಮಾಡ್ಕೊಡಿ. ಎರಡಕ್ಕೂ ಒಂದೇ ಗ್ರೇಡ್ ಬರ್ಬೇಕು, ಅಷ್ಟೇ.”

“ಇನ್ನೊಂದೆಲ್ಲಿ ಸಾರ್?”

“ಅದನ್ಯಾಕ್ ತರ್ಬೇಕು? ಥೇಟ್ ಇದ್ರ ಥರಾನೇ ಇದೆ. ಒಂದು ನೋಡಿ, ಎರಡಕ್ಕೂ ಬರೀರಿ. ಒಂದು ಫೀಸ್ ತಗೊಳ್ಳಿ.”

“ಅವಳಿ ಮಕ್ಕಳಾದ್ರೆ ಒಂದಕ್ಕೇ ಲಸಿಕೆ ಹಾಕ್ಸಿ ಮನೆಗ್ ಕರ್ಕೊಂಡ್ ಹೋಗ್ತೀರಾ ಸಾರ್?”

ನಕ್ಕರು, ಆದರೆ ಬಿಡಲಿಲ್ಲ. ಒಂದೂವರೆ ಫೀಸಿಗೆ ಬಂದರು. ನಾನೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಶಾಸ್ತ್ರ ಏನೂ ಇರಲಿಲ್ಲ, ಎರಡನೆಯ ಫೀಸು ಮಾತ್ರ ಇತ್ತು. ಕೊನೆಗೆ “ನಾಳೆ ತರ್ತೀನಿ, ನೀವು ಭಾರೀ ಆಸಾಮಿ” ಎಂದು, ತಂದದ್ದನ್ನು ನನ್ನ ಬಳಿ ಬಿಟ್ಟು ಹೋದರು.

ನನ್ನಂಥವರ ಹತ್ತಿರ ಜನ ಯಾಕೆ ಬರುತ್ತಾರೆಂದರೆ, ನೂರು ವರ್ಷ ದಾಟಿದ ನಾಣ್ಯ ಕಾನೂನಿನ ಪ್ರಕಾರ ಪುರಾತನ ವಸ್ತು. ಗ್ರೇಡ್ ಮಾಡಿಸಲು ವಿದೇಶದ ಕಂಪನಿಗೆ ಕೊರಿಯರಿನಲ್ಲಿ ಹಾಕಿ ಕಳಿಸುವಂತಿಲ್ಲ. ಹೊರಗಿನಿಂದ ತರಿಸಿಕೊಂಡಿದ್ದರೆ ಕಸ್ಟಮ್ಸ್ ಕಾಗದ ಜೋಪಾನ ಮಾಡಿ. ಅದಿಲ್ಲದ ಗ್ರೀಕ್ ನಾಣ್ಯವನ್ನು ನಾನು ಮುಟ್ಟುವುದೇ ಇಲ್ಲ. ಹಿರಿಯರ ಕಾಗದ ಸರಿಯಾಗಿತ್ತು.

ಕೆಲಸ ಶುರು ಮಾಡಿದೆ. ತೂಕ ಹದಿನೇಳು ಗ್ರಾಮಿನ ಸುತ್ತ, ಅಲ್ಲಿಗೆ ಸರಿ. ದೇವರಾಜನ ಎಡಕ್ಕೆ ಅಕ್ಷರದ ಗುರುತು, ಸಿಂಹಾಸನದ ಕೆಳಗೆ ಎಲೆಹಾರದೊಳಗೆ ಎರಡು ಮೂರು ಅಕ್ಷರ ಹೆಣೆದ ಮುದ್ರೆ. ನಾಣ್ಯಗಳ ಪಟ್ಟಿಗಳನ್ನು ತಿರುವಿ ಹಾಕಿ ನೋಡಿದರೆ ಬ್ಯಾಬಿಲೋನಿನ ಟಂಕಸಾಲೆ, ರಾಜ ಸತ್ತ ಮೇಲೆ ಅವನ ಹೆಸರಿನಲ್ಲೇ ಹೊಡೆದದ್ದು. ಎಲ್ಲಿಯದು, ಯಾವಾಗಿನದು ಎಂದು ಗುರುತಿಸುವುದು ಒಂದು ಕೆಲಸ. ಎಷ್ಟು ಚೆನ್ನಾಗಿ ಉಳಿದಿದೆ ಎಂದು ಗ್ರೇಡ್ ಹಾಕುವುದು ಇನ್ನೊಂದು. ಅಚ್ಚಿನ ಪೆಟ್ಟು ನಡುವೆ ಬಿದ್ದಿತ್ತು, ಸಿಂಹದ ಕೇಸರ ಎಳೆಎಳೆಯಾಗಿತ್ತು. ವೀರನ ಕೆನ್ನೆಯ ಮೇಲೆ ಓರೆಯಾಗಿ ಒಂದು ಸಣ್ಣ ಕಚ್ಚು. ಸಾವಿರಾರು ಕೈ ದಾಟಿ ಬಂದ ನಾಣ್ಯಕ್ಕೆ ಅಷ್ಟು ಗಾಯವಾದರೂ ಇರಬೇಡವೇ? ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಮೇಲ್ದರ್ಜೆಯ ಗ್ರೇಡನ್ನೇ ಬರೆದೆ.

ಬರೆದ ಮೇಲೆ ಕೂರಲಾಗಲಿಲ್ಲ. ಮುಚ್ಚಿಟ್ಟ ನಾಣ್ಯವನ್ನು ಮತ್ತೆ ತೆಗೆದೆ. ತಪ್ಪು ಯಾವುದೂ ಕಾಣಲಿಲ್ಲ, ಆದರೆ ಚಿತ್ರದ ಉಬ್ಬು ಮುಗಿದು ಸುತ್ತಲಿನ ಸಪಾಟು ಬಯಲು ಶುರುವಾಗುವ ಕಡೆ ಅಂಚು ಯಾಕೋ ಮೆತ್ತಗಿತ್ತು, ಸ್ನಾನ ಮಾಡಿಸಿ ಪೌಡರ್ ಹಚ್ಚಿದ ಮಗುವಿನ ಕೆನ್ನೆಯ ಹಾಗೆ. ಸವೆದಿರಬೇಕು ಎಂದುಕೊಂಡೆ. ಮತ್ತೆ ಇಟ್ಟೆ. ಮತ್ತೆ ತೆಗೆದೆ.

ಮರುದಿನ ಎರಡನೆಯದು ಬಂತು. ಭೂತಗನ್ನಡಿ ಹಿಡಿದೆ. ಬಯಲಿನ ತುಂಬ ಕೂದಲೆಳೆಯಂಥ ಗೀರು.

“ಇದಕ್ಕೇನ್ ಮಾಡಿದ್ರಿ ಸಾರ್?”

“ಇದು ಕಪ್ಪಗಿತ್ತು, ಅದು ಬೆಳ್ಳಗಿತ್ತು. ಜೋಡಿ ಅನ್ಸ್ತಿರ್ಲಿಲ್ಲ. ವಿಭೂತಿ ಹಾಕಿ ತಿಕ್ಕಿದೆ, ಆಮೇಲೆ ಹಲ್ಲುಪುಡಿ. ನೋಡಿ, ಈಗ ಎರಡೂ ಒಂದೇ ಬಣ್ಣ.”

ಓದುವವರಲ್ಲಿ ಒಂದು ವಿನಂತಿ. ನಿಮ್ಮ ಪಂಚಪಾತ್ರೆ, ಉದ್ಧರಣೆ, ದೀಪಾಲೆ ಕಂಬ ಎಲ್ಲವನ್ನೂ ವಿಭೂತಿಯಲ್ಲೇ ಬೆಳಗಿ, ನನ್ನ ತಕರಾರಿಲ್ಲ. ಹಳೆಯ ನಾಣ್ಯವನ್ನು ಮಾತ್ರ ಬೆಳಗಬೇಡಿ. ಆ ಕಪ್ಪು ಕೊಳೆಯಲ್ಲ, ಅದರ ವಯಸ್ಸು. ತಿಕ್ಕಿದ ನಾಣ್ಯಕ್ಕೆ ಮೇಲ್ಮೈಯ ಅಂಕ ಪಾತಾಳಕ್ಕೆ ಇಳಿಯುತ್ತದೆ, ಯಾವ ದೇವರು ಬಂದರೂ ಏರಿಸಲಾಗುವುದಿಲ್ಲ.

ಹಿರಿಯರಿಗೆ ಇದನ್ನು ಹೇಳಿದರೆ ಅವರ ಚಿಂತೆಯೇ ಬೇರೆ. “ಹಂಗಾದ್ರೆ ಗ್ರೇಡ್ ಒಂದೇ ಬರಲ್ವಾ?” ಬರುವುದಿಲ್ಲ ಎಂದೆ. ಮುಖ ಗಂಟಿಕ್ಕಿಕೊಂಡು, ಎರಡನ್ನೂ ಬಿಟ್ಟು ಹೊರಟರು.

ಅವರು ಮೆಟ್ಟಿಲಿಳಿದ ಮೇಲೆ ಎರಡನ್ನೂ ಕಪ್ಪು ಬಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟೆ. ಎರಡೂ ಒಂದೇ ಅಚ್ಚಿನವು; ಹಾಗೆ ಒಟ್ಟಿಗೆ ಹುಟ್ಟಿದ ಜೋಡಿ ಸಿಗುವುದು ಅಪರೂಪ, ಅದು ಖುಷಿಯ ವಿಷಯ. ಆಮೇಲೆ ಕೆನ್ನೆ ನೋಡಿದೆ. ಎರಡನೆಯದರಲ್ಲೂ ಕಚ್ಚು. ಅದೇ ಜಾಗ, ಅದೇ ಓರೆ, ಅದೇ ಉದ್ದ. ತಿರುಗಿಸಿದೆ. ಸಿಂಹಾಸನದ ಕಾಲಿನ ಪಕ್ಕ ಒಂದು ತಗ್ಗು. ಇನ್ನೊಂದನ್ನು ತಿರುಗಿಸಿದೆ. ಅಲ್ಲೂ ತಗ್ಗು.

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವುದನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಮರದ ಅಚ್ಚಿನಲ್ಲಿ ಬಿರುಕಿದ್ದರೆ ಅದರಿಂದ ಬರುವ ಪ್ರತಿಯೊಂದು ಸಕ್ಕರೆ ಗಿಳಿಯ ಬೆನ್ನಿನ ಮೇಲೂ ಅದೇ ಗೆರೆ ಉಬ್ಬಿ ನಿಲ್ಲುತ್ತದೆ. ಅದು ಅಚ್ಚಿನ ದೋಷ, ಹತ್ತರಲ್ಲಿದ್ದರೂ ತಪ್ಪಲ್ಲ. ಆದರೆ ಡಬ್ಬಿಗೆ ಹಾಕಿದ ಮೇಲೆ ಒಂದು ಗಿಳಿಯ ಕೊಕ್ಕನ್ನು ಇರುವೆ ತಿಂದರೆ, ಪಕ್ಕದ ಗಿಳಿಯ ಕೊಕ್ಕೂ ಅಷ್ಟೇ ಅಳತೆಗೆ ಹೋಗಿರಲು ಸಾಧ್ಯವಿಲ್ಲ. ಕೆನ್ನೆಯ ಕಚ್ಚು ಇರುವೆ ತಿಂದದ್ದು. ಒಂದು ನಾಣ್ಯ, ಒಂದು ದಿನ, ಒಂದು ಪೆಟ್ಟು. ಅದು ಎರಡರಲ್ಲೂ ಇದೆಯೆಂದರೆ ಒಂದನ್ನು ನೋಡಿ ಅಚ್ಚು ಮಾಡಿ ಇನ್ನೊಂದನ್ನು ಒತ್ತಿದ್ದಾರೆ. ಅಥವಾ ಮೂರನೆಯದೊಂದನ್ನು ನೋಡಿ ಎರಡನ್ನೂ ಒತ್ತಿದ್ದಾರೆ.

ಬಾಗಿಲು ಹಾಕಿ ಕೆಳಗಿಳಿದೆ. ಕಾಂಪ್ಲೆಕ್ಸಿನ ಸುತ್ತ ನಡೆದೆ. ಹೂವಿನವಳು ಕರೆದರೂ ನಿಲ್ಲಲಿಲ್ಲ. ಕಾಫಿ ತೆಗೆದುಕೊಂಡು ಕುಡಿಯದೆ ಇಟ್ಟು ಮೇಲೆ ಬಂದೆ. ನಿನ್ನೆ ಒಂದೂವರೆ ಫೀಸಿಗೆ ಒಪ್ಪಿ ಒಂದೇ ನಾಣ್ಯ ನೋಡಿ ಬರೆದುಬಿಟ್ಟಿದ್ದರೆ? ಚೀಟಿಯ ಮೇಲೆ ನನ್ನ ಪೆನ್ಸಿಲ್ ಬರಹ ಇನ್ನೂ ಇತ್ತು. ಹರಿದು ಬುಟ್ಟಿಗೆ ಹಾಕಿದೆ.

ಹಿರಿಯರಿಗೆ ಫೋನ್ ಮಾಡಿ, ಎರಡನ್ನೂ ಹೇಗೆ ಕೊಂಡಿರಿ ಎಂದಷ್ಟೇ ಕೇಳಿದೆ. ಹೊರದೇಶದ ಒಬ್ಬನೇ ವ್ಯಾಪಾರಿಯಿಂದ ಎಂದರು. ನನ್ನ ಹತ್ತಿರ ಮೊದಲು ತಂದದ್ದನ್ನೇ ಮೊದಲು ಕೊಂಡದ್ದು, ಅದು ದೊಡ್ಡವಳಿಗೆ. ಆಮೇಲೆ ಅವನಿಗೆ ಬರೆದರಂತೆ: ನನಗೆ ಇಬ್ಬರು ಹೆಣ್ಣುಮಕ್ಕಳು, ಥೇಟ್ ಇಂಥದ್ದೇ ಇನ್ನೊಂದು ಬೇಕು.

“ಕಳಿಸಿದ ಪುಣ್ಯಾತ್ಮ. ಒಂಚೂರೂ ವ್ಯತ್ಯಾಸ ಇಲ್ಲ. ಅದು ಚಿಕ್ಕವಳಿಗೆ. ಯಾಕ್ರೀ, ಏನಾದ್ರೂ ತೊಂದ್ರೆನಾ?”

“ನೋಡ್ತಿದ್ದೀನಿ ಸಾರ್.”

ಥೇಟ್ ಇಂಥದ್ದೇ ಬೇಕು ಎಂದು ಹೊರಗಿನವರು ಕೇಳುವುದಿಲ್ಲ. ಎರಡು ಹಳೆಯ ನಾಣ್ಯ ಒಂದೇ ಥರ ಇರುವುದಿಲ್ಲವೆಂದು ಅವರಿಗೆ ಗೊತ್ತು. ಪಾಲು ಹೆಚ್ಚುಕಮ್ಮಿಯಾದೀತೆಂದು ಹೆದರುವ ನಮ್ಮ ತಂದೆ ತಾಯಂದಿರಷ್ಟೇ ಹಾಗೆ ಕೇಳುವುದು. ಕೇಳಿದವರಿಗೆ ಮಾಡಿಕೊಟ್ಟಿದ್ದಾನೆ, ಎರಡನೆಯದೇ ನಕಲಿ ಎಂದು ಆ ಕ್ಷಣ ತೀರ್ಮಾನಿಸಿದೆ. ಎಲ್ಲವೂ ಅದಕ್ಕೆ ಹೊಂದುತ್ತಿತ್ತು. ಆಮೇಲೆ ಬಂದದ್ದು, ನೋಡಲು ಪೇಲವ, ಮೈತುಂಬ ಗೀರು.

ಆದರೆ ಮನಸ್ಸು ಕೂರದೆ ಇರುವಾಗ ತೀರ್ಪು ಬರೆಯಬಾರದು. ಹೊಂದುವುದೇ ಬೇರೆ, ಸಾಬೀತಾಗುವುದೇ ಬೇರೆ. ಎರಡನ್ನೂ ಶುದ್ಧನೀರಿನಲ್ಲಿ ತೊಳೆದು, ತಿಕ್ಕದೆ ಆರಿಸಿ, ಸ್ಕೂಟರಿನಲ್ಲಿ ಬನಶಂಕರಿ ಕಡೆ ಹೊರಟೆ. ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕುವ ಒಂದು ಕಡೆ ಎಕ್ಸ್‌ರೇ ಯಂತ್ರವಿದೆ. ಲೋಹದಲ್ಲಿ ಏನೇನು ಬೆರೆತಿದೆ ಎಂದು ನಿಮಿಷದಲ್ಲಿ ಹೇಳುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಯಾವ ಜೇಬಿನಲ್ಲಿ ಯಾವುದು ಎಂಬುದನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಹೋದೆ.

ಮೊದಲನೆಯದನ್ನು ಇಟ್ಟೆವು. ಬೆಳ್ಳಿ, ತಾಮ್ರ. ಇವತ್ತು ಆಭರಣದಂಗಡಿಯಲ್ಲಿ ಸಿಗುವ ಬೆರಕೆಯ ಲೆಕ್ಕ. ಬೇರೆ ಏನೇನೂ ಇಲ್ಲ.

ಎರಡನೆಯದು. ಬೆಳ್ಳಿ ಹೆಚ್ಚು. ಜೊತೆಗೆ ಚೂರು ಸೀಸ, ಚೂರು ಚಿನ್ನ.

“ಬೆಳ್ಳಿಗೆ ಯಾರಣ್ಣ ಚಿನ್ನ ಹಾಕ್ತಾರೆ? ನನ್ನ ಮಿಷನ್ ಕೆಟ್ಟಿರ್ಬೇಕು,” ಎಂದ ಯಂತ್ರದವನು.

“ಇನ್ನೊಂದ್ಸಲ ಇಡು ಗುರು.”

ಮತ್ತೂ ಅದೇ. ಯಂತ್ರ ಕೆಟ್ಟಿರಲಿಲ್ಲ. ಆ ಕಾಲದವರು ಬೆಳ್ಳಿ ಕರಗಿಸಿದಾಗ ಅದಿರಿನೊಳಗಿನ ಚೂರು ಚಿನ್ನ, ಸೀಸ ಹಾಗೇ ಉಳಿಯುತ್ತಿತ್ತು. ಇವತ್ತಿನ ಶುದ್ಧ ಬೆಳ್ಳಿಯಲ್ಲಿ ಅದು ಕಾಣುವುದಿಲ್ಲ. ನಾನು ಅಪರಾಧಿ ಎಂದುಕೊಂಡಿದ್ದ ನಾಣ್ಯವೇ ಸಾಕ್ಷಿ ಹೇಳುತ್ತಿತ್ತು.

ಆದರೆ ಯಂತ್ರ ನೋಡುವುದು ಮೇಲಿನ ತೊಗಲನ್ನು ಮಾತ್ರ. ಅದನ್ನಷ್ಟೇ ನಂಬಿ ಬರೆಯುವವರನ್ನು ನಂಬಬೇಡಿ. ಕೋಣೆಗೆ ಬಂದು ಮೈಕ್ರೋಸ್ಕೋಪಿನ ಕೆಳಗೆ ಗಾಯವನ್ನೇ ನೋಡಿದೆ. ಎರಡನೆಯದರಲ್ಲಿ ಕಚ್ಚಿನ ದಡ ಚೂಪಾಗಿ ಎದ್ದಿತ್ತು. ಚಾಕು ತಗುಲಿದ ಬೆಣ್ಣೆ ಪಕ್ಕಕ್ಕೆ ಏಳುತ್ತದಲ್ಲ, ಹಾಗೆ. ತಳದಲ್ಲಿ ವಿಭೂತಿಗೂ ಹಲ್ಲುಪುಡಿಗೂ ಸಿಗದ ಕಪ್ಪು ಕೂತಿತ್ತು. ಅಂಚಿನಲ್ಲಿ ಸುತ್ತಿಗೆಯ ಏಟಿಗೆ ಬಿಟ್ಟ ಸಣ್ಣ ಸೀಳು, ಅದರೊಳಗೂ ಕಪ್ಪು. ಮೊದಲನೆಯದರ ಕಚ್ಚು ನುಣ್ಣಗಿತ್ತು. ದಡವಿಲ್ಲ, ತಳ ಫಳಫಳ. ಅಂಚಿನ ಸುತ್ತ ಒಂದೇ ದಿಕ್ಕಿಗೆ ಅರ ಹಾಕಿ ಉಜ್ಜಿದ ಗೆರೆ. ಅದಕ್ಕೆ ಗಾಯವಾಗಿರಲಿಲ್ಲ, ಗಾಯದ ಚಿತ್ರವಷ್ಟೇ ಇತ್ತು.

ಮೊದಲು ಬಂದದ್ದು ನಕಲಿ. ವ್ಯಾಪಾರಿ ಅಸಲಿಯನ್ನು ತನ್ನಲ್ಲಿಟ್ಟುಕೊಂಡು ಒತ್ತಿದ್ದನ್ನು ಮಾರಿದ್ದ. ಥೇಟ್ ಇಂಥದ್ದೇ ಬೇಕೆಂದು ಮತ್ತೆ ಹಣ ಬಂದಾಗ ಇನ್ನೊಂದು ಇರಲಿಲ್ಲವೋ ಏನೋ, ಅಸಲಿಯನ್ನೇ ಕಳಿಸಿಬಿಟ್ಟಿದ್ದ. ಇವರಿಗೆ ಒಬ್ಬಳೇ ಮಗಳಿದ್ದಿದ್ದರೆ ಆ ಮನೆಗೆ ಅಸಲಿ ಬರುತ್ತಲೇ ಇರಲಿಲ್ಲ.

ಜೆ.ಪಿ. ನಗರದ ಮನೆಗೆ ನಾನೇ ಹೋದೆ. ಇಂಥ ಸುದ್ದಿ ಫೋನಿನಲ್ಲಿ ಹೇಳಬಾರದು. ಹಿರಿಯರು ಊಟದ ಮೇಜಿನ ಮೇಲೆ ಶಾಂತಿಯ ಆಮಂತ್ರಣಗಳಿಗೆ ಅರಿಶಿನ ಹಚ್ಚುತ್ತ ಕೂತಿದ್ದರು. ಅವರ ಹೆಂಡತಿ ಬಾಗಿಲು ತೆರೆದು ಕಾಫಿ ತಂದುಕೊಟ್ಟರು. ಎಲ್ಲ ಹೇಳಿದೆ. ಹಿರಿಯರು ಬೆರಳಿನ ಅರಿಶಿನ ಒರೆಸಿಕೊಂಡರು.

“ಅಂದ್ರೆ ದೊಡ್ಡವಳಿಗೆ ನಾನು ನಕಲಿ ಕೊಡ್ತಿದ್ದೆ.”

“ಗೊತ್ತಿಲ್ದೆ ಸಾರ್.”

“ಅವ್ಳಿಗೆ ಅದನ್ನ ಯಾರ್ ಹೇಳ್ತಾರೆ?” ಆಮಂತ್ರಣಗಳನ್ನು ಪಕ್ಕಕ್ಕೆ ಸರಿಸಿ, “ಎರಡನ್ನೂ ನೀವೇ ತಗೊಂಡ್ಬಿಡ್ರೀ. ಏನ್ ಕೊಡ್ತೀರೋ ಕೊಡಿ. ನನ್ ಕಣ್ಮುಂದೆ ಬೇಡ,” ಎಂದರು.

ವ್ಯಾಪಾರದವನಿಗೆ ಇಂಥ ಮಾತು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು. ನನ್ನ ಅಂಗೈ ತುರಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಗ್ರೇಡ್ ಹಾಕಿದವನು ಅದನ್ನೇ ಕೊಂಡರೆ ನಾಳೆ ಅವನ ಗ್ರೇಡನ್ನು ಯಾರೂ ಕೊಳ್ಳುವುದಿಲ್ಲ. “ಸಿಟ್ಟಲ್ಲಿ ಮಾರ್ಬೇಡಿ ಸಾರ್,” ಎಂದೆ.

ಆಗ ಆ ಅಮ್ಮ ಕುರ್ಚಿ ಎಳೆದು ಕೂತರು. “ನೋಡಪ್ಪ, ನಮ್ ಹುಡ್ಗೀರೇನು ಮಾರೋರಲ್ಲ. ಬೀರುವಲ್ಲಿ ಇಟ್ಕೋತಾರೆ. ಎರಡಕ್ಕೂ ಒಂದೇ ಥರ ಬರ್ದು ಸೀಲ್ ಮಾಡ್ಬಿಡು. ಯಾರಿಗೇನ್ ನಷ್ಟ?”

ಯಾರಿಗೂ ನಷ್ಟವಿರಲಿಲ್ಲ, ಅದೇ ಕಷ್ಟ. ಕೇಳುತ್ತಿದ್ದ ದನಿಯೂ ಮೆತ್ತಗಿತ್ತು. ಎದ್ದು ಕಿಟಕಿಯವರೆಗೆ ಹೋಗಿ ಬಂದೆ.

“ಅಮ್ಮ, ಬೀರು ಒಂದಿನ ತೆಗೀತಾರೆ. ನಾವ್ಯಾರೂ ಇರಲ್ಲ. ಒಬ್ಳು ಯಾರಿಗೋ ತೋರಿಸ್ತಾಳೆ, ನಕಲಿ ಅಂತಾರೆ. ಆವಾಗ ಅವ್ಳು ಆ ವ್ಯಾಪಾರಿನ ಬೈಯಲ್ಲ. ‘ಅಪ್ಪ ಗೊತ್ತಿದ್ದೇ ಅವಳಿಗೆ ಅಸಲಿ ಕೊಟ್ರು’ ಅಂತಾಳೆ. ನಾನ್ ಬರೆಯಲ್ಲ. ಇಬ್ರನ್ನೂ ಕೂರಿಸ್ಕೊಂಡು ಹೇಳಿ, ಬೇಕಾದ್ರೆ ನಾನೂ ಇರ್ತೀನಿ.”

ಭಾನುವಾರ ಮಧ್ಯಾಹ್ನ ಅರೆಕೆರೆಯಿಂದ ದೊಡ್ಡವಳು, ಬನಶಂಕರಿಯಿಂದ ಚಿಕ್ಕವಳು ಬಂದರು. ಇಬ್ಬರೂ ನಡುವಯಸ್ಸಿನವರು. ಶಾಂತಿಗೆ ತಂದ ಸೀರೆಗಳು ಸೋಫಾದ ಮೇಲಿದ್ದವು, ಒಂದೇ ಬಣ್ಣ, ಒಂದೇ ಅಂಚು. ನಾನು ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಎರಡನ್ನೂ ಇಟ್ಟು, ಯಾವುದು ಏನು ಎಂದು ಹೇಳಿದೆ. ಹಿರಿಯರು ತಲೆ ಎತ್ತಲಿಲ್ಲ. “ನಾನ್ ಯಾವತ್ತೂ ಭೇದ ಮಾಡಿಲ್ಲ ಕಣ್ರಮ್ಮ,” ಎಂದರು.

ಅಳು, ಜಗಳ ಎರಡಕ್ಕೂ ನಾನು ಸಿದ್ಧನಾಗಿಯೇ ಬಂದಿದ್ದೆ. ಚಿಕ್ಕವಳು ಸೀದಾ ಕೈಚಾಚಿ ಫಳಫಳಿಸುವ ನಕಲಿಯ ಮೇಲೆ ಬೆರಳಿಟ್ಟಳು. “ಇದು ನಂಗಿರ್ಲಿ ಅಪ್ಪ. ಅಸಲಿ ಅಕ್ಕಂಗೆ ಕೊಡು.”

ದೊಡ್ಡವಳು ಅದರ ಇನ್ನೊಂದು ಅಂಚಿಗೆ ಕೈ ಹಾಕಿದಳು. “ಯಾಕೆ? ಇದು ಬಂದಿದ್ದೇ ನಂಗೆ. ಅಪ್ಪ ಹೇಳಿಲ್ವಾ, ಮೊದಲನೇದು ನಂದು ಅಂತ?”

“ನೀನ್ ದೊಡ್ಡವ್ಳು, ನೀನ್ ಒಳ್ಳೇದ್ ಇಟ್ಕೋ.”

“ಹ್ಞೂಂ, ಆಮೇಲೆ ಜೀವನ ಪೂರ್ತಿ ‘ಅಕ್ಕಂಗೆ ಬಿಟ್ಕೊಟ್ಟೆ’ ಅಂತ ಹೇಳ್ಕೊಂಡ್ ಓಡಾಡೋಕಾ? ನಂಗ್ ಬೇಡಮ್ಮ.”

“ನೋಡಪ್ಪ, ಹೆಂಗ್ ಮಾತಾಡ್ತಾಳೆ!”

“ನೀನ್ ಕೈ ತೆಗಿ ಮೊದ್ಲು.”

ಬೇಕು ಬೇಕು ಎಂದು ಬೆಲೆ ಏರಿಸುವವರನ್ನು ಬದುಕಿಡೀ ನೋಡಿದ್ದೇನೆ. ಕಡಿಮೆಯದ್ದು ತನಗೇ ಬೇಕೆಂದು ಪಟ್ಟು ಹಿಡಿದವರನ್ನು ನೋಡಿದ್ದು ಅದೇ ಮೊದಲು. ಹಿರಿಯರು ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡುತ್ತಿದ್ದರು. ಬ್ಯಾಬಿಲೋನಿನಲ್ಲಿ ಸುತ್ತಿಗೆಯ ಏಟು ತಿಂದು, ಜೆ.ಪಿ. ನಗರದಲ್ಲಿ ವಿಭೂತಿ ತಿಕ್ಕಿಸಿಕೊಂಡ ಅಸಲಿ ನಾಣ್ಯ ಮೇಜಿನ ಇನ್ನೊಂದು ತುದಿಯಲ್ಲಿ ಒಂಟಿಯಾಗಿ ಬಿದ್ದಿತ್ತು. ಹಿರಿಯರು ಅದನ್ನು ನನ್ನ ಕಡೆ ತಳ್ಳಿದರು. “ಸದ್ಯಕ್ಕೆ ನಿಮ್ ಹತ್ರಾನೇ ಇರ್ಲಿ.” ನಾನು ವಾಪಸ್ ತಳ್ಳಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

“ಯಾರಿಗೂ ಬೇಡ್ವಾ ಇದು?”

ಅಕ್ಕತಂಗಿಯರ ಬೆರಳುಗಳು ನಕಲಿಯ ಮೇಲೇ ಇದ್ದವು.

“ಲಂಗ ಎರಡು, ದೀಪ ಎರಡು, ಸೈಟು ಎರಡು, ನಾಣ್ಯನೂ ಎರಡು,” ಎಂದು ಅವರು ಗಂಡನನ್ನು ನೋಡಿದರು. “ಯಾವತ್ತಾದ್ರೂ ಒಂದಿನ ಮೂರು ತಂದಿದ್ದೀರೇನ್ರೀ?”

ಅಮ್ಮ ನಾಣ್ಯವನ್ನು ಎತ್ತಿ, ಬೆಳಕಿಗೆ ಹಿಡಿದು, ಸಿಂಹದ ತೊಗಲಿನವನ ಕೆನ್ನೆಯ ಗಾಯವನ್ನು ನೋಡಿದರು. ಹಳೆಯ ನಾಣ್ಯವನ್ನು ಹಿಡಿಯಬೇಕಾದ ಹಾಗೆಯೇ ಅವರು ಹಿಡಿದದ್ದು ಅಂಚನ್ನೇ, ನಾನು ಹೇಳಿಕೊಡಬೇಕಾಗಲಿಲ್ಲ. ನನ್ನ ಕಡೆ ತಿರುಗಿ, “ಬರ್ಕೋಪ್ಪ, ನನ್ ಹೆಸರಿಗೆ. ಗ್ರೇಡ್ ಕಮ್ಮಿ ಇದ್ರೂ ಪರ್ವಾಗಿಲ್ಲ,” ಎಂದರು.

ನಾನು ಪೆನ್ನು ತೆಗೆದೆ. ಹೆಣ್ಣುಮಕ್ಕಳಿಬ್ಬರೂ ನಕಲಿಯ ಮೇಲಿಂದ ಒಟ್ಟಿಗೇ ಕೈ ತೆಗೆದರು.